ಒಂದು ಒತ್ತಕ್ಷರಕ್ಕೆ 34 ಸಾವಿರ ರೂಪಾಯಿ: ಕಾರವಾರದಲ್ಲಿ ಬಾಡಿಗೆಗೆಂದು ಫ್ಲ್ಯಾಟ್ ಕೊಂಡ ಅನುಭವ

ಕೋಡಿಬಾಗದ ಎರಡನೆಯ ಮಹಡಿಯ ಫ್ಲ್ಯಾಟಿನ ಬೀಗದ ಕೈಯನ್ನು ಮೊದಲ ಬಾಡಿಗೆದಾರರ ಕೈಗೆ ಕೊಟ್ಟು ನಾನು ಮೆಟ್ಟಿಲಿಳಿದದ್ದು 2026ರ ಜನವರಿಯ ಎರಡನೆಯ ವಾರದಲ್ಲಿ. ಮನೆ ಹುಡುಕಲು ಹೊರಟದ್ದು 2025ರ ಏಪ್ರಿಲ್‌ನಲ್ಲಿ. ನಡುವಿನ ಒಂಬತ್ತು ತಿಂಗಳಲ್ಲಿ ಒಂದು ಫ್ಲ್ಯಾಟು ಕೈತಪ್ಪಿತು, ಒಂದನ್ನು ನಾನೇ ಬಿಟ್ಟೆ, ಒಂದಕ್ಕೆ ಕೊಟ್ಟ ಮುಂಗಡದಲ್ಲಿ ಹತ್ತು ಸಾವಿರ ಮುಳುಗಿತು, ಕೊನೆಗೆ ಸಿಕ್ಕ ನಾಲ್ಕನೆಯದರ ಕಾಗದಪತ್ರ ಸರಿಪಡಿಸುವುದರಲ್ಲಿ ಒಂದು ಮಳೆಗಾಲವೇ ಕಳೆಯಿತು. ನನ್ನಂತೆ ಸಂಬಳದ ಮೇಲೆ ಬದುಕುವವರು, ಮೊದಲ ಬಾರಿಗೆ ಬಾಡಿಗೆಯ ಆಸೆಯಿಂದ ಮನೆ ಕೊಳ್ಳಲು ಹೊರಡುವವರು ಇದೇ ದಾರಿಯಲ್ಲಿ ಎಡವದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಶಿರಸಿ ಸೀಮೆಯವನು, ಹನ್ನೊಂದು ವರ್ಷದಿಂದ ಕಾರವಾರದಲ್ಲಿ ಪ್ರೌಢಶಾಲೆಯ ಮಾಸ್ತರ. ಊರಿನಲ್ಲಿ ವಿಷಯ ತಿಳಿಸಿದಾಗ ಅಪ್ಪಯ್ಯ ಕೇಳಿದ್ದು ಒಂದೇ ಮಾತು: "ತಮಾ, ಸಾಲ ಮಾಡಿ ಮನೆ ತಗಂಡು ಬೇರೆಯವ್ರ ಕೂಡ್ಸಲೆ ಹೊಂಟಿದ್ಯಲ, ಎಂತಕ್ಕೆ?" ಆಗ ನನ್ನ ಬಳಿ ಉತ್ತರವಿರಲಿಲ್ಲ. ಕಾರವಾರದಲ್ಲಿ ಬಾಡಿಗೆ ಮನೆಗೆ ಬೇಡಿಕೆ ಇದೆ ಎಂಬುದನ್ನು ಮಾತ್ರ ಸ್ವತಃ ಬಾಡಿಗೆದಾರನಾಗಿ ಕಂಡುಕೊಂಡಿದ್ದೆ. ಊರು ಪೂರ್ವದ ಗುಡ್ಡಕ್ಕೂ ಪಶ್ಚಿಮದ ಕಡಲಿಗೂ ನಡುವೆ ಇರುಕಿಕೊಂಡಿದೆ. ಉತ್ತರಕ್ಕೆ ಕಾಳಿ ನದಿ ಅಡ್ಡ, ದಕ್ಷಿಣದಲ್ಲಿ ಬಿಣಗಾ ದಾಟಿದರೆ ಅರ್ಗಾದಿಂದ ಮುಂದಕ್ಕೆ ಕಡಲ ತೀರ ನೌಕಾನೆಲೆಯದು. ಹೊಸ ಜಾಗ ಹುಟ್ಟುವುದಿಲ್ಲ, ಬರುವ ಜನ ಮಾತ್ರ ಹೆಚ್ಚುತ್ತಿದ್ದಾರೆ. ನೌಕಾನೆಲೆಯ ನೌಕರರಿಗೂ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿರುವ ಕೈಗಾದವರಿಗೂ ವಸತಿಗೃಹಗಳಿರುವುದು ನಿಜ. ಆದರೆ ಗುತ್ತಿಗೆ ಕಂಪನಿಗಳ ಎಂಜಿನಿಯರುಗಳು, ವೈದ್ಯಕೀಯ ಕಾಲೇಜಿನವರು, ವರ್ಗವಾಗಿ ಬರುವ ಬ್ಯಾಂಕು ಮತ್ತು ಜಿಲ್ಲಾ ಕಚೇರಿಗಳ ನೌಕರರು ಪಟ್ಟಣದಲ್ಲೇ ಮನೆ ಹುಡುಕುತ್ತಾರೆ. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಯ ಹೊಸ ಸೌಲಭ್ಯಗಳನ್ನು ರಕ್ಷಣಾ ಸಚಿವರು 2025ರ ಏಪ್ರಿಲ್ 5ರಂದು ಉದ್ಘಾಟಿಸಿ ಹೋದ ಮೇಲಂತೂ ನಾನು ಭೇಟಿಯಾದ ಪ್ರತಿಯೊಬ್ಬ ದಲ್ಲಾಳಿಯೂ ಮಾತು ಆರಂಭಿಸುತ್ತಿದ್ದುದು ಅಲ್ಲಿಂದಲೇ.

ಮೊದಲು ನೋಡಿದ್ದು ಕಾಜುಬಾಗದ ಒಂದು ಫ್ಲ್ಯಾಟು. ಗುರುವಾರ ಸಂಜೆ ನೋಡಿ, ಮನೆಯಾಕೆಯನ್ನು ಭಾನುವಾರ ಕರೆತಂದು ತೋರಿಸುತ್ತೇನೆ ಎಂದು ಹೇಳಿ ಬಂದೆ. ಶನಿವಾರ ಬೆಳಿಗ್ಗೆ ದಲ್ಲಾಳಿಯ ಫೋನು ಬಂತು: "ಹೋಯ್ತಲ್ಲ ಮಾಸ್ತರೇ, ಗೋವಾದವರು ನಿನ್ನೆ ರಾತ್ರಿಯೇ ಅಡ್ವಾನ್ಸ್ ಕೊಟ್ಟರು." ನನಗೆ ಎಷ್ಟು ಸಾಲ ಸಿಗುತ್ತದೆ ಎಂಬುದೇ ಆಗ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಶುಕ್ರವಾರವೇ ಮಾತು ಕೊಡಬಹುದಿತ್ತು. ಮಾರನೆಯ ವಾರ ಬ್ಯಾಂಕಿಗೆ ಹೋಗಿ, ಸಂಬಳದ ಚೀಟಿ, ಫಾರಂ 16, ಮೂರು ವರ್ಷದ ಆದಾಯ ತೆರಿಗೆ ವಿವರ ಕೊಟ್ಟು, ಮನೆ ನಿಶ್ಚಯವಾಗುವ ಮೊದಲೇ ಸಾಲದ ತಾತ್ವಿಕ ಮಂಜೂರಾತಿ ಪತ್ರ ಪಡೆದೆ. ಹದಿನೇಳು ದಿನ ಹಿಡಿಯಿತು. ಆ ಪತ್ರ ಕೈಯಲ್ಲಿದ್ದರೆ ಮಾರುವವರು ಮಾತನಾಡಿಸುವ ಧಾಟಿಯೇ ಬೇರೆಯಾಗುತ್ತದೆ. ಹುಡುಕಾಟ ಆರಂಭವಾಗಬೇಕಾದದ್ದು ಮನೆಯಿಂದಲ್ಲ, ಇಲ್ಲಿಂದ.

ಎರಡನೆಯದು ಕಾಳಿ ನದಿಯ ಆಚೆ, ಸದಾಶಿವಗಡದಲ್ಲಿ. ಪಟ್ಟಣದೊಳಗಿನ ಇಷ್ಟೇ ದೊಡ್ಡ ಮನೆಗಿಂತ ಆರು ಲಕ್ಷ ಕಡಿಮೆ ಬೆಲೆ, ಗಾಳಿ ಬೆಳಕೂ ಚೆನ್ನಾಗಿತ್ತು. ಆದರೆ 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದ ಬಳಿಕ ಎರಡೂ ದಿಕ್ಕಿನ ವಾಹನಗಳ ಭಾರ ಉಳಿದ ಒಂದೇ ಸೇತುವೆಯ ಮೇಲೆ ಬಿದ್ದಿತ್ತು. ಅಲ್ಲಿ ಬಾಡಿಗೆಗಿದ್ದ ಇಬ್ಬರು ಸಹೋದ್ಯೋಗಿಗಳನ್ನು ಕೇಳಿದೆ. ಇಬ್ಬರೂ ಈಚೆ ದಡದಲ್ಲೇ ಮನೆ ಸಿಕ್ಕರೆ ಬಂದುಬಿಡುತ್ತೇವೆ ಎಂದರು. ನಾನು ವಾಸಿಸಲು ಕೊಳ್ಳುತ್ತಿದ್ದರೆ ಆ ಮನೆಯನ್ನೇ ತೆಗೆದುಕೊಳ್ಳುತ್ತಿದ್ದೆನೇನೋ. ಬಾಡಿಗೆಗೆ ಕೊಳ್ಳುವಾಗ ನಮ್ಮ ರುಚಿಗಿಂತ ಬರಲಿರುವವರ ತಾಪತ್ರಯ ಮುಖ್ಯವಾಗುತ್ತದೆ. ಬೈತಖೋಲದ ಕಡೆ ಗುಡ್ಡದ ಬುಡದಲ್ಲಿದ್ದ ಇನ್ನೊಂದು ಮನೆಯನ್ನು ಒಳಗೆ ಹೋಗದೆಯೇ ಬಿಟ್ಟದ್ದೂ ಈ ಕಾರಣಕ್ಕೇ; 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದ ಮೇಲೆ ಬಾಡಿಗೆಗೆ ಬರುವವರು ಮೊದಲು ನೋಡುವುದು ಮನೆಯ ಹಿಂಬದಿಯನ್ನು.

ಎರಡು ಸಲ ನಿಧಾನಿಸಿದ್ದಕ್ಕೆ ಮೂರನೆಯ ಸಲ ಅವಸರ ಮಾಡಿದೆ. ಜೂನ್ ಮೊದಲ ವಾರ ಹಬ್ಬುವಾಡದಲ್ಲಿ ಹೆಂಚಿನ ಹಳೆಯ ಮನೆಯೊಂದನ್ನು ತೋರಿಸಿದರು. ಎರಡು ಭಾಗ ಮಾಡಿ ಎರಡು ಸಂಸಾರಗಳಿಗೆ ಕೊಡಬಹುದಾದ ಮನೆ. ಮಾರುವವರು ಅಣ್ಣ ತಮ್ಮಂದಿರು ಮೂವರು, ಮೂವರೂ ಮರ್ಯಾದಸ್ಥರು. ಮತ್ತೆ ಕೈತಪ್ಪೀತು ಎಂಬ ಹೆದರಿಕೆಯಲ್ಲಿ ಅಲ್ಲೇ ಕಟ್ಟೆಯ ಮೇಲೆ ಕುಳಿತು 50,000 ರೂಪಾಯಿ ಸಂಚಕಾರ, ಅಂದರೆ ಮುಂಗಡ, ಕೊಟ್ಟೆ. ಬರವಣಿಗೆ ಎಂದರೆ ನೋಟುಪುಸ್ತಕದ ಒಂದು ಹಾಳೆ, ಒಬ್ಬರ ಸಹಿ. ಆಮೇಲೆ ಕಾಗದಗಳನ್ನು ವಕೀಲರ ಬಳಿಗೆ ಒಯ್ದಾಗ ಅವರು ವಂಶವೃಕ್ಷದ ಮೇಲೆ ಬೆರಳಿಟ್ಟು, "ಈ ತಂಗಿ ಎಲ್ಲಿದ್ದಾರೆ?" ಎಂದು ಕೇಳಿದರು. ಮುಂಬೈಯಲ್ಲಿದ್ದರು. ತಂದೆಯ ಆಸ್ತಿಯಲ್ಲಿ ಅವರಿಗೂ ಸಮಪಾಲು; ಅವರು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಲಿಲ್ಲ, ಬರೆದುಕೊಡುವ ಮನಸ್ಸೂ ಅವರಿಗಿರಲಿಲ್ಲ. ಸಂಚಕಾರದಲ್ಲಿ 40,000 ಎರಡು ತಿಂಗಳ ಮೇಲೆ ಎರಡು ಕಂತಿನಲ್ಲಿ ಮರಳಿತು. ಉಳಿದ ಹತ್ತು ಸಾವಿರವನ್ನು ಕೇಳುವುದನ್ನೇ ಬಿಟ್ಟೆ. ಈ ಕರಾವಳಿಯ ಮನೆತನಗಳ ಒಂದೊಂದು ಕವಲು ಮುಂಬೈ, ಪುಣೆ, ಗಲ್ಫ್ ಎಂದು ಹರಡಿಕೊಂಡಿರುವುದರಿಂದ ಹಳೆಯ ಮನೆ ನೋಡುವವರು ಗೋಡೆಗಿಂತ ಮೊದಲು ವಂಶವೃಕ್ಷ ನೋಡುವುದು ಒಳ್ಳೆಯದು. ಸಮುದ್ರಕ್ಕೂ ಕಾಳಿಗೂ ಹತ್ತಿರವಿರುವ ಜಾಗವಾದರೆ ಸಿ.ಆರ್.ಝಡ್., ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದ ಮಾತೂ ಅಲ್ಲೇ ಮುಗಿಯಲಿ. ಕೊಂಡ ಮೇಲೆ ಒಂದು ಕೋಣೆ ಏರಿಸುತ್ತೇನೆ ಎಂಬ ಲೆಕ್ಕಾಚಾರ ಅಂಥ ಕಡೆ ನಡೆಯುವುದಿಲ್ಲ.

ನಾಲ್ಕನೆಯದು ದಲ್ಲಾಳಿಯಿಂದ ಬರಲಿಲ್ಲ. ನಮ್ಮ ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರು, ತಮ್ಮ ಕಟ್ಟಡದಲ್ಲೇ ಎರಡು ಮಲಗುವ ಕೋಣೆಯ ಒಂದು ಫ್ಲ್ಯಾಟು ಖಾಲಿಯಿದೆ, ಯಜಮಾನರು ಪುಣೆಯಲ್ಲಿದ್ದು ಮಾರುವ ಯೋಚನೆಯಲ್ಲಿದ್ದಾರೆ ಎಂದು ತಿಳಿಸಿದರು. ಜುಲೈ ಎರಡನೆಯ ವಾರ, ಛತ್ರಿ ನಿಲ್ಲದ ಮಳೆಯಲ್ಲಿ ಹೋಗಿ ನೋಡಿದೆ. ಕರಾವಳಿಯಲ್ಲಿ ಮನೆ ನೋಡಬೇಕಾದ ಕಾಲ ಅದೇ ಎಂದು ಈಗ ನನಗೆ ಖಾತ್ರಿಯಾಗಿದೆ. ಡಿಸೆಂಬರ್‌ನಲ್ಲಿ ಬಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಒಳಕೋಣೆಯ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ, ಒದ್ದೆ ಗುರುತೊಂದು ಇಳಿದಿತ್ತು. ಅಂಗೈ ಇಟ್ಟರೆ ತಣ್ಣಗೆ ಜಿನುಗುತ್ತಿತ್ತು. ಕಿಟಕಿಯ ಕಬ್ಬಿಣದ ಸರಳು ಹೊರನೋಟಕ್ಕೆ ಗಟ್ಟಿಯಾಗಿಯೇ ಇತ್ತು, ಹೆಬ್ಬೆರಳಿನಿಂದ ಒತ್ತಿದಾಗ ಬಣ್ಣದ ಪೊರೆ ಒಳಕ್ಕೆ ಕುಸಿದು ತುಕ್ಕು ಹಪ್ಪಳದಂತೆ ಪದರ ಪದರವಾಗಿ ಉದುರಿತು. ಉಪ್ಪುಗಾಳಿ ಹನ್ನೆರಡು ವರ್ಷದಲ್ಲಿ ಮಾಡಿದ ಕೆಲಸ ಅದು. ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿದೆ, ತುಸು ಸವುಳು. ಕುಡಿಯುವ ನೀರು ನಗರಸಭೆಯ ನಲ್ಲಿಯದು. ಇವಿಷ್ಟನ್ನೂ ಫೋಟೋ ತೆಗೆದು ಕಳಿಸಿದ ಮೇಲೆ 36 ಲಕ್ಷ ಎಂದಿದ್ದವರು 34ಕ್ಕೆ ಒಪ್ಪಿದರು.

ಈ ಸಲ ಹಣ ಕೊಡುವ ಮೊದಲು ವಕೀಲರ ಕೈಯಲ್ಲಿ ಕಾಗದಗಳನ್ನು ಇಟ್ಟೆ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ, ಅಂದರೆ ಇ.ಸಿ., ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಹುಡುಕಿಸಬೇಕು. ನನ್ನ ಬ್ಯಾಂಕು ಮೂವತ್ತು ವರ್ಷದ್ದನ್ನು ಕೇಳಿತು. ಕಟ್ಟಡ 2013ರದ್ದಾದರೂ ಅದು ನಿಂತ ಜಾಗದ ಹಿಂದಿನ ಕಥೆ ಬೇಕಿತ್ತು. ಹಕ್ಕಿನ ಸರಪಳಿ ಎಲ್ಲಿಯೂ ತುಂಡಾಗಿರಲಿಲ್ಲ. ವಕೀಲರು ಕರಾರುಪತ್ರದಲ್ಲಿ ಎರಡು ಮಾತು ಸೇರಿಸಿದರು: ಇ-ಖಾತಾ, ಅಂದರೆ ನಗರಸಭೆಯ ಗಣಕೀಕೃತ ಆಸ್ತಿ ದಾಖಲೆ, ಮಾಡಿಸಿಕೊಡುವುದು ಮಾರುವವರ ಹೊಣೆ, ದಾಖಲೆಯಲ್ಲಿ ದೋಷ ಕಂಡುಬಂದು ವ್ಯವಹಾರ ಮುರಿದರೆ ಮುಂಗಡ ಪೂರ್ತಿ ವಾಪಸು. ಅವರ ಶುಲ್ಕ 12,000. ಹಬ್ಬುವಾಡದ ಕಟ್ಟೆಯ ಮೇಲೆ ಕಳೆದುಕೊಂಡದ್ದಕ್ಕಿಂತ ಎರಡೇ ಸಾವಿರ ಹೆಚ್ಚು.

ಜುಲೈ 18ಕ್ಕೆ ಕರಾರಾಯಿತು. ಆಗಸ್ಟ್ ಹದಿನೈದರೊಳಗೆ ನೋಂದಣಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. 2024ರ ಅಕ್ಟೋಬರ್‌ನಿಂದ ರಾಜ್ಯದಾದ್ಯಂತ ಇ-ಖಾತಾ ಇಲ್ಲದೆ ಪಟ್ಟಣದ ಆಸ್ತಿ ನೋಂದಣಿಯಾಗುವುದಿಲ್ಲ, ಈ ಫ್ಲ್ಯಾಟಿಗೆ ಹಳೆಯ ಕೈಬರಹದ ಖಾತೆ ಮಾತ್ರ ಇತ್ತು. ಕ್ರಯಪತ್ರ, ಇ.ಸಿ., ತೆರಿಗೆ ರಸೀದಿ, ವಿದ್ಯುತ್ ಬಿಲ್ಲು, ಯಜಮಾನರ ಆಧಾರ್, ಕಟ್ಟಡದ ಫೋಟೋ ಎಲ್ಲವನ್ನೂ ಸೇರಿಸಿ ಅರ್ಜಿ ಹಾಕಿಸಿದೆವು. ಹೆಸರು ಹೊಂದಾಣಿಕೆಯಾಗುತ್ತಿಲ್ಲ ಎಂದು ಅದು ಮರಳಿ ಬಂತು. ಯಜಮಾನರ ಹೆಸರು ಕ್ರಯಪತ್ರದಲ್ಲಿ "ವಿಠ್ಠಲ", ತೆರಿಗೆಯ ಹಳೆಯ ರಸೀದಿಗಳಲ್ಲಿ "ವಿಠಲ". ಆಧಾರ್ ಕಾರ್ಡು ಪುಣೆಯದಾದ್ದರಿಂದ ಅದರಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷಿನಲ್ಲಿ ಬರೆದ ಹೆಸರಿಗೂ ಕ್ರಯಪತ್ರದ ಇಂಗ್ಲಿಷ್ ಪ್ರತಿಗೂ ಒಂದು "ಟಿ" ವ್ಯತ್ಯಾಸ. ಕನ್ನಡ ಪಾಠ ಮಾಡುವ ನಾನು ಇಪ್ಪತ್ತು ವರ್ಷದಿಂದ ಮಕ್ಕಳ ನೋಟುಪುಸ್ತಕದಲ್ಲಿ ಕೆಂಪು ಶಾಯಿಯಿಂದ ಒತ್ತಕ್ಷರ ತಿದ್ದುತ್ತ ಬಂದವನು, ಈ ಕಾಗದಗಳನ್ನು ಹತ್ತು ಸಲ ತಿರುವಿ ಹಾಕಿದ್ದರೂ ಅದನ್ನು ಗಮನಿಸಿರಲಿಲ್ಲ.

ಕಚೇರಿಯವರದ್ದೇನೂ ತಪ್ಪಿಲ್ಲ, ಇಬ್ಬರೂ ಒಬ್ಬರೇ ಎಂದು ಅವರು ನಂಬುವುದಕ್ಕೆ ಕಾಗದ ಬೇಕು. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಿ ಪುಣೆಯಿಂದ ಕಳಿಸಲು ಎಂಟು ದಿನ. ಅದರಲ್ಲಿ ಫ್ಲ್ಯಾಟಿನ ನಂಬರು ತಪ್ಪಾಗಿ ಮತ್ತೆ ಆರು ದಿನ. ನಡುವೆ ಗಣೇಶ ಚತುರ್ಥಿ ಬಂತು. ಪುಣೆಯವರು ಹಬ್ಬದ ವಾರದಲ್ಲಿ ಫೋನು ಎತ್ತುವುದಿಲ್ಲ ಎಂಬುದು ತಿಳಿದದ್ದು ಆಗ. ಹೀಗಿರುವಾಗಲೇ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ, 2025ರ ಆಗಸ್ಟ್ 31ರಿಂದ ಜಾರಿ ಎಂಬ ಸುದ್ದಿ ಬಂತು. ಅದಕ್ಕೆ ಮೊದಲು ನೋಂದಣಿಯಾಗಿದ್ದರೆ 34,000 ಕಟ್ಟಬೇಕಾಗಿದ್ದಲ್ಲಿ ಈಗ 68,000. ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಯಾರ ಮೇಲೆ ಎಂದೂ ಹೊಳೆಯಲಿಲ್ಲ. ಇ-ಖಾತಾ ಕೈಗೆ ಬಂದದ್ದು ಸೆಪ್ಟೆಂಬರ್ 16ಕ್ಕೆ.

ಅಲ್ಲಿಗೆ ಮುಗಿಯಲಿಲ್ಲ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಮೌಲ್ಯದ ಶೇ. 80ರವರೆಗೆ, 30 ಲಕ್ಷದೊಳಗಿನ ಸಾಲಕ್ಕೆ ಶೇ. 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆಯಾದರೂ ಹಳೆಯ ಕಟ್ಟಡವಾದ್ದರಿಂದ ನನ್ನ ಬ್ಯಾಂಕು ಶೇ. 80ಕ್ಕೆ ನಿಂತಿತ್ತು. ಆ ಲೆಕ್ಕದಲ್ಲಿ ನಾನು 27 ಲಕ್ಷ 20 ಸಾವಿರ ನಿರೀಕ್ಷಿಸಿದ್ದೆ. ಬ್ಯಾಂಕಿನ ಮೌಲ್ಯಮಾಪಕರು ಬಂದು, ನಾನು ಬೆಲೆ ಇಳಿಸಲು ತೋರಿಸಿದ್ದ ಅದೇ ಒದ್ದೆ ಗೋಡೆಯನ್ನು ನೋಡಿ, ಫ್ಲ್ಯಾಟಿಗೆ 31 ಲಕ್ಷ ಬೆಲೆ ಕಟ್ಟಿದರು. ಸಾಲ 24 ಲಕ್ಷ 80 ಸಾವಿರಕ್ಕೆ ಇಳಿಯಿತು. ನಾವು ಒಪ್ಪಿಕೊಂಡ ಬೆಲೆ ಬ್ಯಾಂಕಿಗೆ ಸಂಬಂಧಿಸಿದ್ದಲ್ಲ, ಅವರ ಮೌಲ್ಯವೇ ಅವರಿಗೆ ಪ್ರಮಾಣ. ಮುದ್ರಾಂಕ ಮತ್ತು ನೋಂದಣಿಯ ಖರ್ಚಿಗೂ ಅವರು ಸಾಲ ಕೊಡಲಿಲ್ಲ. ಕರಾರಿನ ಅವಧಿ ಮುಗಿಯಲು ಹನ್ನೊಂದು ದಿನವಿದ್ದಾಗ 2 ಲಕ್ಷ 40 ಸಾವಿರ ಹೊಂದಿಸಬೇಕಾಯಿತು. ಅಪ್ಪಯ್ಯ ದರ ಏರಲಿ ಎಂದು ಅಟ್ಟದ ಮೇಲೆ ಕಾಯ್ದಿಟ್ಟಿದ್ದ ಚಾಲಿ ಅಡಿಕೆಯನ್ನು ಶಿರಸಿಗೆ ಸಾಗಿಸಿ ಮಾರಿದ. ಹಣ ಖಾತೆಗೆ ಹಾಕಿದ ಮೇಲೆ ಫೋನಿನಲ್ಲಿ ಅಡಿಕೆಯ ದರದ ವಿಷಯ ಬಿಟ್ಟರೆ ಬೇರೇನೂ ಮಾತನಾಡಲಿಲ್ಲ. ಹೀಗಾಗಿ ಬ್ಯಾಂಕು ಕೊಡಬಹುದಾದ್ದಕ್ಕಿಂತ ಕನಿಷ್ಠ ಶೇ. 10ರಷ್ಟು ಕಡಿಮೆ ಬರುತ್ತದೆ ಎಂದೇ ಎಣಿಸಿ ಕೈಯಲ್ಲಿ ನಗದು ಇಟ್ಟುಕೊಳ್ಳಿ.

ನೋಂದಣಿಯಾದದ್ದು ಅಕ್ಟೋಬರ್ 8ಕ್ಕೆ. ಕಾವೇರಿಯಲ್ಲಿ ಕ್ರಯಪತ್ರದ ಕರಡನ್ನು ಏರಿಸಿ, ಉಪನೋಂದಣಾಧಿಕಾರಿಗಳು ಪರಿಶೀಲಿಸಿದ ಮೇಲೆ ಹಣ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೋಗಿದ್ದರಿಂದ ಕಚೇರಿಯಲ್ಲಿ ನಿಂತದ್ದು ಎರಡು ಗಂಟೆಯಷ್ಟೇ. ಖರ್ಚು ಹೀಗೆ: ಮುದ್ರಾಂಕ ಶುಲ್ಕ ಶೇ. 5ರಂತೆ 1,70,000, ಅದರ ಮೇಲೆ ಹತ್ತನೆಯ ಒಂದು ಪಾಲು ಸೆಸ್ 17,000, ಶೇ. 2 ಸರ್ಚಾರ್ಜ್ 3,400. ನೋಂದಣಿ ಶುಲ್ಕ 68,000. ಒಟ್ಟು 2,58,400. ಮೊದಲ ಬಾರಿಗೆ ಮಾರಾಟವಾಗುವ, 45 ಲಕ್ಷದೊಳಗಿನ ಹೊಸ ಫ್ಲ್ಯಾಟಿಗೆ ಮುದ್ರಾಂಕದಲ್ಲಿ ರಿಯಾಯಿತಿ ಇದೆ. ನನ್ನದು ಎರಡನೆಯ ಕೈಯದಾದ್ದರಿಂದ ಸಿಗಲಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ತೆರಿಗೆ (ಟಿ.ಡಿ.ಎಸ್.) ಹಿಡಿದು ಕಟ್ಟಬೇಕಾಗುತ್ತದೆ. ಮಾರುವವರು ಅನಿವಾಸಿ ಭಾರತೀಯರಾದರೆ ಆ ಮಿತಿಯೂ ಲೆಕ್ಕಕ್ಕಿಲ್ಲ, ದರವೂ ಬಹಳ ಹೆಚ್ಚು. ದುಬೈಯವರ ಮನೆ ಕೊಳ್ಳುವವರು ಮೊದಲೇ ಲೆಕ್ಕಪರಿಶೋಧಕರನ್ನು ಕೇಳಲಿ.

ದೀಪಾವಳಿಯ ನಂತರ ರಿಪೇರಿ. ಪಶ್ಚಿಮದ ಗೋಡೆಗೆ ಹೊರಗಿನಿಂದ ಜಲನಿರೋಧಕ ಬಳಿಸಿ, ಕಬ್ಬಿಣದ ಸರಳು ತೆಗೆಸಿ ಸ್ಟೀಲಿನದು ಹಾಕಿಸಿ, ಸಂಡಾಸಿನ ಪೈಪು ಬದಲಿಸಿ, ಟೆರೇಸಿನ ಮೇಲೆ ಎಲ್ಲ ಮನೆಯವರೂ ಸೇರಿ ಹಾಕಿಸುವ ಶೀಟಿನ ಮಾಡಿಗೆ ನನ್ನ ಪಾಲು 45,000 ಕೊಟ್ಟು, ಒಟ್ಟು 1,42,000. ವಕೀಲರದ್ದು, ಬ್ಯಾಂಕಿನ ನಾನಾ ಶುಲ್ಕದ 28,000 ಎಲ್ಲ ಸೇರಿ ಫ್ಲ್ಯಾಟು ನನ್ನ ಪಾಲಿಗೆ ಬಿದ್ದದ್ದು 38 ಲಕ್ಷ 40 ಸಾವಿರಕ್ಕೆ.

ಮನೆ ಸಿದ್ಧವಾದಾಗ ನವೆಂಬರ್ ಕೊನೆ, ಕೇಳುವವರಿಲ್ಲ. ಏಪ್ರಿಲ್‌ನಲ್ಲಿ ನಾನು ಕಂಡ ಬೇಡಿಕೆ ವರ್ಗಾವಣೆಯ ಕಾಲದ್ದು. ಶಾಲೆ ಆರಂಭವಾಗುವ ಮೊದಲು, ಮೇ ಮತ್ತು ಜೂನ್‌ನಲ್ಲಿ ಸಂಸಾರಸ್ಥರು ಮನೆ ಹುಡುಕುತ್ತಾರೆ, ಉಳಿದಂತೆ ಒಂಟಿಯಾಗಿ ಬರುವವರೇ ಹೆಚ್ಚು. ಡಿಸೆಂಬರ್ ಪೂರ್ತಿ ಖಾಲಿ ಮನೆಗೆ ಕಂತು ಕಟ್ಟಿದೆ. 20 ವರ್ಷಕ್ಕೆ ಶೇ. 8ರಂತೆ ಕಂತು 20,700ರ ಆಸುಪಾಸು. ಜನವರಿಯಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಒಬ್ಬ ವೈದ್ಯೆ ತಾಯಿಯೊಂದಿಗೆ ಬಂದು ನೋಡಿ 13,000ಕ್ಕೆ ಒಪ್ಪಿದರು. ವರ್ಷಕ್ಕೆ 1,56,000. ಅದರಲ್ಲಿ ಕಟ್ಟಡದ ನಿರ್ವಹಣೆ 14,400, ಮನೆ ತೆರಿಗೆ 4,200, ಒಂದು ತಿಂಗಳು ಖಾಲಿಯಿದ್ದೀತು ಎಂದು 13,000, ಸಣ್ಣಪುಟ್ಟ ರಿಪೇರಿಗೆ 10,000 ಕಳೆದರೆ ಉಳಿಯುವುದು 1,14,400; ಹಾಕಿದ ಹಣದ ಶೇ. 3ಕ್ಕೂ ಚೂರು ಕಡಿಮೆ. ಬ್ಯಾಂಕಿನ ಠೇವಣಿಯೇ ಇದಕ್ಕಿಂತ ಹೆಚ್ಚು ಕೊಡುತ್ತದೆ. ಬಾಡಿಗೆಯ ಆದಾಯದಲ್ಲಿ ಮನೆ ತೆರಿಗೆ ಕಳೆದು ಶೇ. 30 ವಿನಾಯಿತಿಯೂ ಸಾಲದ ಬಡ್ಡಿಯೂ ಕಳೆಯುತ್ತವೆ, ಆದ್ದರಿಂದ ಸದ್ಯಕ್ಕೆ ಬಾಡಿಗೆಯ ಮೇಲೆ ತೆರಿಗೆಯಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ನನಗೆ ಉಳಿದ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ. ಅಪ್ಪಯ್ಯನ ಪ್ರಶ್ನೆಗೆ ಉತ್ತರ ಕೊಡಬೇಕಿದ್ದರೆ ಈ ಲೆಕ್ಕವನ್ನು ಏಪ್ರಿಲ್‌ನಲ್ಲೇ ಹಾಕಬೇಕಿತ್ತು: ಮೊದಲು ಬಾಡಿಗೆ ಎಷ್ಟು ಬರುತ್ತದೆ ಎಂದು ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಕೇಳಿ, ಅಲ್ಲಿಂದ ಹಿಂದಕ್ಕೆ ಬಂದು ಮನೆಗೆ ಎಷ್ಟು ಕೊಡಬಹುದೆಂದು ನಿರ್ಧರಿಸುವುದು. ನಾನು ಮಾರುವವರು ಹೇಳಿದ ಬೆಲೆಯಿಂದ ಕೆಳಕ್ಕೆ ಚೌಕಾಸಿ ಮಾಡುತ್ತ ಹೋದೆ. ತಿಂಗಳಿಗೆ ಹನ್ನೊಂದು ಸಾವಿರದಷ್ಟು ಸಂಬಳದಿಂದ ಸುರಿಯುವ ತ್ರಾಣವಿದ್ದವರಿಗೆ, ಹತ್ತು ಹದಿನೈದು ವರ್ಷ ಕಾಯುವವರಿಗೆ ಮಾತ್ರ ಇದು ಸರಿ.

ಬಾಡಿಗೆ ಕೊಡುವಾಗಿನ ಎರಡು ಸಣ್ಣ ಸಂಗತಿ. ಹೆಸ್ಕಾಂ ಮೀಟರಿನ ಆರ್.ಆರ್. ಸಂಖ್ಯೆಗೆ ಹಿಂದಿನ ಬಾಡಿಗೆದಾರರ ಆಧಾರ್ ಗೃಹಜ್ಯೋತಿಗೆಂದು ಜೋಡಣೆಯಾಗಿತ್ತು; ಅವರು ಬೇರೆ ಊರಿಗೆ ಹೋಗಿ ವರ್ಷವಾಗಿತ್ತು. ಅದನ್ನು ಬಿಡಿಸಿದ ಮೇಲೆಯೇ ಹೊಸಬರು ಅರ್ಜಿ ಹಾಕಲು ಸಾಧ್ಯ, ಹಾಗಾಗಿ ಮನೆ ಕೊಳ್ಳುವಾಗಲೇ ವಿಚಾರಿಸಿ. ಇನ್ನೊಂದು, ನೌಕಾನೆಲೆಯಿರುವ ಊರು ಇದು. ಬಾಡಿಗೆದಾರರ ಗುರುತಿನ ಪ್ರತಿಯನ್ನು ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯುವುದನ್ನು ಉದಾಸೀನ ಮಾಡಬೇಡಿ.

ಕರಾರುಪತ್ರವನ್ನು ಎಲ್ಲರೂ ಹನ್ನೊಂದು ತಿಂಗಳಿಗೆ ಮಾಡುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುತ್ತದೆ ಎಂಬ ಕಾರಣಕ್ಕೆ. ಜನವರಿಯಿಂದ ಹನ್ನೊಂದು ತಿಂಗಳೆಂದರೆ ಮತ್ತೆ ಡಿಸೆಂಬರ್‌ನಲ್ಲಿ ಮನೆ ಖಾಲಿಯಾದೀತು ಎಂದು, ಮೊದಲ ಕರಾರನ್ನು ಮೇ ಕೊನೆಯವರೆಗೆ ಮಾಡಿ ಜೂನ್‌ನಿಂದ ಹನ್ನೊಂದು ತಿಂಗಳಿಗೆ ಹೊಸದು ಬರೆಯೋಣ ಎಂದು ವೈದ್ಯೆಗೆ ಸೂಚಿಸಿದೆ. ಅವರು ಒಳಕೋಣೆಗೆ ಹೋಗಿ, ಹೊಸ ಬಣ್ಣದ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ ಬಂದು ಹೇಳಿದರು: "ಆಗಲಿ ಸರ್. ಆದರೆ ಎರಡನೆಯ ಕರಾರಿಗೆ ಜೂನ್‌ನ ಮೊದಲ ನಾಲ್ಕು ಮಳೆ ನೋಡಿ ಆಮೇಲೆ ಸಹಿ ಮಾಡುತ್ತೇನೆ."